ಕೊನೆಗೆ ನಿಂತವನು

“ಅರ್ಚನೆ ಮೇಷ್ಟ್ರ ಹೆಸರಲ್ಲಿ ಆಗಲಿಲ್ಲಮ್ಮ,” ಎಂದರು ಅರ್ಚಕರು. “ಅವರು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದರು, ಅಷ್ಟೆ. ಮಾಡಿಸಿದ್ದು ಜೊತೆಗೆ ಬಂದಿದ್ದ ಹೆಂಗಸು.”

ಪ್ರಮೀಳಾ ಅಂಗೈಯ ತೀರ್ಥ ಕುಡಿದು, ಉಳಿದ ತೇವವನ್ನು ತಲೆಗೆ ಒರೆಸಿಕೊಂಡಳು. ಏನನ್ನೂ ಕೇಳಲಿಲ್ಲ. ವಿಮಾ ಕಂಪನಿಗೆ ತನಿಖೆ ಮಾಡಿಕೊಡುವ ಕೆಲಸದಲ್ಲಿ ಅವಳು ಕಲಿತದ್ದೆಂದರೆ, ಇಂಥ ಹೊತ್ತಿನಲ್ಲಿ ಕೇಳುವುದಕ್ಕಿಂತ ಸುಮ್ಮನಿದ್ದರೆ ಹೆಚ್ಚು ಸಿಗುತ್ತದೆ ಎಂಬುದು.

ತಿಂಗಳ ಹಿಂದೆ ಒಂದು ಶನಿವಾರ, ಕೆ.ಆರ್.ಪೇಟೆಯ ಕಾಲೇಜಿನ ಗಣಿತದ ಮೇಷ್ಟ್ರು ನಾಗಾರ್ಜುನ ಇದೇ ಕರಿಘಟ್ಟದ ಹಿಂಬದಿಯ ಬಂಡೆಯಿಂದ ಬಿದ್ದು ಸತ್ತಿದ್ದರು. ಕಾಲು ಜಾರಿತು ಎಂದು ಪೊಲೀಸರು ಬರೆದು ಮುಗಿಸಿದ್ದರು. ಆತ್ಮಹತ್ಯೆ ಎಂದಾದರೆ ಕಂಪನಿಗೆ ಅನುಕೂಲ. ಪ್ರಮೀಳಾಳಿಗೆ ಎರಡೂ ಅಲ್ಲ ಅನ್ನಿಸತೊಡಗಿತ್ತು. ಆದರೆ ಅವಳು ಅನುಮಾನಪಟ್ಟು ಬೆನ್ನುಹತ್ತಿದ್ದ, ಶೇರು ಮಾರುಕಟ್ಟೆಯ ಪಾಠ ಹೇಳುವ ಚಲುವರಾಜು ಆ ಶನಿವಾರ ಮಂಡಿಯ ಆಪರೇಷನ್ ಮಾಡಿಸಿಕೊಂಡು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಎಂಬುದು ನಿನ್ನೆ ಖಚಿತವಾಗಿತ್ತು.

ಮೇಷ್ಟ್ರು ಒಬ್ಬರೇ ಬೆಟ್ಟ ಹತ್ತಿದರು ಎಂದೇ ಇಲ್ಲಿಯವರೆಗೆ ಎಲ್ಲರೂ ಹೇಳಿದ್ದರು. ಹೂವಿನವಳು, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಾಯುವವನು, ಎಳನೀರಿನವನು, ಎಲ್ಲರದೂ ಅದೇ ಮಾತು. ಹತ್ತುವಾಗ ಒಬ್ಬರೇ ಇದ್ದಿರಬಹುದು. ಗುಡಿಯೊಳಗೆ ಮಾತ್ರ ಜೊತೆಗೊಬ್ಬರಿದ್ದರು.

ಶನಿವಾರದ ಜಂಗುಳಿಯಲ್ಲಿ ಒಂದು ಅರ್ಚನೆ ನೆನಪಿನಲ್ಲಿ ಉಳಿದದ್ದು ಹೇಗೆ ಎಂದು ಅವಳು ಕೊನೆಗೆ ಕೇಳಿದಳು. ಅರ್ಚಕರು ನಕ್ಕರು. ಶ್ರೀನಿವಾಸನ ಮುಂದೆ ಆ ಹೆಂಗಸು ಹೇಳಿದ ಹೆಸರು ಶಿವಶಂಕರ ಎಂದಾಗಿತ್ತಂತೆ. ಹರಿಯ ಗುಡಿಯಲ್ಲಿ ಹರನ ಹೆಸರಾಯಿತಲ್ಲ ಎಂದು ಇವರು ತಮಾಷೆ ಮಾಡಿದರಂತೆ. ಅವಳು ನಗಲಿಲ್ಲವಂತೆ.

“ನಕ್ಷತ್ರ ಕೇಳಿದೆ, ವಿಶಾಖ ಅಂದರು. ಮಗನೋ ತಮ್ಮನೋ ಗಂಡನೋ ನಾನು ವಿಚಾರಿಸಲಿಲ್ಲ. ತಲೆ ತುಂಬ ಸೆರಗಿತ್ತು, ಮುಖ ನೋಡಲಿಲ್ಲ. ಮಂಗಳಾರತಿ ಆದಮೇಲೆ ಇಬ್ಬರೂ ಹಿಂದುಗಡೆಗೆ ಹೋದರು, ಹೊಳೆ ನೋಡೋದಕ್ಕೆ ಅಂತ.”

ಪ್ರಮೀಳಾ ಮೆಟ್ಟಿಲಿಳಿಯುವಾಗ ಕೆಳಗೆ ಲೋಕಪಾವನಿ ಹೋಗಿ ಕಾವೇರಿಗೆ ಸೇರುವ ಜಾಗ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅವಳ ತಲೆಯಲ್ಲಿ ಒಂದೇ ಹೆಸರು ತಿರುಗುತ್ತಿತ್ತು.

ಶಿವಶಂಕರನನ್ನು ಈ ಕಡೆ ನಾಲ್ಕು ತಾಲ್ಲೂಕಿನಲ್ಲಿ ಅರಿಯದವರಿಲ್ಲ. ನಾಗಮಂಗಲದ ಕೊಬ್ಬರಿ ವ್ಯಾಪಾರಿಯ ಮಗ. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಫೋನಿನ ಗುಂಪಿಗೆ ಒಂದೇ ಒಂದು ಶೇರಿನ ಹೆಸರು ಹಾಕುತ್ತಿದ್ದ. ತಿಂಗಳು ತುಂಬುವುದರೊಳಗೆ ಅದರ ಬೆಲೆ ಏರಿರುತ್ತಿತ್ತು. ಒಂಬತ್ತು ತಿಂಗಳಿಂದ ಒಮ್ಮೆಯೂ ತಪ್ಪಿರಲಿಲ್ಲ. ಹಾಲು ಹಾಕುವವರು, ಟ್ರಾಕ್ಟರಿನವರು, ಟೀಚರುಗಳು, ಬಟ್ಟೆ ಅಂಗಡಿಯವರು, ಸಾವಿರಾರು ಜನ ಅವನ ಮಾತಿನ ಮೇಲೆ ದುಡ್ಡು ಹಾಕುತ್ತಿದ್ದರು.

ಅವರಲ್ಲಿ ಪ್ರಮೀಳಾಳ ಅಪ್ಪನೂ ಒಬ್ಬರು.

*

ಪಾಂಡವಪುರದಲ್ಲಿ ಅಪ್ಪ ದೇವಯ್ಯ ಹೊಸ ಕೊಟ್ಟಿಗೆಯ ಮುಂದೆ ಕುಳಿತು ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ಕೊಟ್ಟಿಗೆಗೆ ನೀಲಿ ಶೀಟು ಹೊದಿಸಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು. ಶಿವಶಂಕರ ಹೇಳಿದ ಶೇರುಗಳಿಂದ ಬಂದ ಲಾಭದಲ್ಲಿ ಕಟ್ಟಿಸಿದ್ದು. ಆ ಫ್ಯಾನಿನ ಸದ್ದು ಕೇಳಿದಾಗಲೆಲ್ಲ ಪ್ರಮೀಳಾಳಿಗೆ ಬಾಯಿ ಕಟ್ಟಿದಂತಾಗುತ್ತಿತ್ತು. ಲಾಭ ಕಣ್ಣೆದುರಿಗಿರುವಾಗ ಯಾವ ಬುದ್ಧಿವಾದ ಹೇಳುವುದು?

ಬರುವ ಭಾನುವಾರ ನಾಗಮಂಗಲದ ಛತ್ರವೊಂದರಲ್ಲಿ ಸಭೆಯಿತ್ತು. ಶಿವಶಂಕರನ ಹೆಸರಿನಲ್ಲಿ ಒಂದು ನಿಧಿ ಶುರುವಾಗುವುದಿತ್ತು. ಇನ್ನು ಮೇಲೆ ಜನ ತಾವೇ ಶೇರು ಕೊಳ್ಳಬೇಕಿಲ್ಲ, ದುಡ್ಡು ಕೊಟ್ಟರೆ ಸಾಕು. ಅದನ್ನು ನಡೆಸುವವನು ಚಲುವರಾಜು. ದೇವಯ್ಯ ಸೈಟು ಮಾರಿ ಬಂದದ್ದನ್ನು ಅಷ್ಟೂ ಅದಕ್ಕೆ ಹಾಕಲು ತೀರ್ಮಾನಿಸಿದ್ದರು. ಅಮ್ಮನ ಹೆಸರಿನಲ್ಲಿ ಕೊಂಡಿದ್ದ ಸೈಟು ಅದು.

ಸ್ವಲ್ಪ ತಡೆಯಿರಿ ಅಪ್ಪ, ಇನ್ನೊಂದು ತಿಂಗಳು ಕಾಯಿರಿ ಎಂದು ಪ್ರಮೀಳಾ ಕೇಳಿಕೊಂಡಳು. ದೇವಯ್ಯ ಕುಡುಗೋಲು ಕೆಳಗಿಟ್ಟರು. ಸತ್ತ ಮೇಷ್ಟ್ರೂ ಶೇರಿನ ಹೆಸರು ಹೇಳುತ್ತಿದ್ದರಲ್ಲ, ಅವರನ್ನು ಯಾಕೆ ಜನ ಇಷ್ಟು ನಂಬಲಿಲ್ಲ ಎಂದು ಅವಳೇ ಇನ್ನೊಂದು ದಾರಿಯಿಂದ ಕೇಳಿದಳು.

“ಆ ಮೇಷ್ಟ್ರೂ ಯೋಳೋರು ಕಣವ್ವ, ಇಲ್ಲ ಅನ್ನಕಿಲ್ಲ,” ಎಂದರು ದೇವಯ್ಯ. “ಆದ್ರೆ ಆಗೊಂದ್ಸಲ ಈಗೊಂದ್ಸಲ ತಪ್ಪೋರು. ತಪ್ಪುದ್ರೆ ತಪ್ಪುದ್ದೀನಿ ಅಂತ ಅವ್ರೇ ಬರ್ದ್ ಆಕೋರು. ಈ ಉಡ್ಗ ತಪ್ಪಿದ್ದೇ ಇಲ್ವಲ್ಲ. ತಪ್ಪೋರ್ನ ನಂಬ್ಬೇಕಾ, ತಪ್ಪುದ್ದೇ ಇರೋನ್ನ ನಂಬ್ಬೇಕಾ, ನೀನೇ ಯೋಳು ಮಗ.”

ಶಿವಶಂಕರ ಈ ವಿದ್ಯೆ ಎಲ್ಲಿ ಕಲಿತ ಎಂದು ಪ್ರಮೀಳಾ ಕೇಳಿದಳು.

ಎಲ್ಲರಿಗೂ ಗೊತ್ತಿದ್ದ ವಿಷಯವೇ. ಹೋದ ವರ್ಷ ಚಲುವರಾಜು ನಾಲ್ಕೂ ತಾಲ್ಲೂಕಿನಲ್ಲಿ ಶೇರು ಮಾರುಕಟ್ಟೆಯ ಪಾಠ ಮಾಡಿದ್ದ, ಪುಕ್ಕಟೆ. ಮುನ್ನೂರರಷ್ಟು ಜನ ಕಲಿತರು. ಪಾಠ ಮುಗಿದಮೇಲೆ ಒಬ್ಬೊಬ್ಬರೂ ತಮ್ಮ ನೆಂಟರಿಷ್ಟರ ಒಂದು ಗುಂಪು ಮಾಡಿಕೊಂಡು, ತಿಂಗಳಿಗೊಂದು ಶೇರಿನ ಹೆಸರು ಹೇಳಬೇಕೆಂದು ಚಲುವರಾಜು ಸೂಚಿಸಿದ್ದ. ಯಾವುದನ್ನು ಹೇಳಬೇಕು ಎಂಬುದು ಅವರವರ ಬುದ್ಧಿಗೆ ಬಿಟ್ಟದ್ದು.

“ಉಳಿದೋರೆಲ್ಲ ಎಲ್ಲೋದ್ರಪ್ಪ?”

ದೇವಯ್ಯ ಕೈಬೀಸಿ ಬೀದಿಯ ಕಡೆ ತೋರಿಸಿದರು. ಎದುರು ಮನೆಯ ಹುಡುಗನೇ ಒಬ್ಬ. ಮೊದಲ ತಿಂಗಳೇ ಅವನು ಹೇಳಿದ್ದು ಬಿತ್ತು, ಗುಂಪು ಮುಚ್ಚಿದ. ಹಿಟ್ಟಿನ ಗಿರಣಿಯವನ ಮಗಳು ಮೂರು ತಿಂಗಳು ಸರಿಯಾಗಿ ಹೇಳಿದಳು, ನಾಲ್ಕನೆಯದಕ್ಕೆ ನೆಲಕಚ್ಚಿತು. ಅವಳೂ ಮುಚ್ಚಿದಳು. ಯಾರೂ ಅದರ ಸುದ್ದಿ ಎತ್ತುವುದಿಲ್ಲ, ಅವಮಾನ. ನಿಮಗೆ ಆ ಕಳೆ ಇಲ್ಲ ಎಂದು ಚಲುವರಾಜು ಒಬ್ಬೊಬ್ಬರಿಗೂ ಸಮಾಧಾನ ಹೇಳಿ ಕಳಿಸಿದ್ದನಂತೆ.

ಪ್ರಮೀಳಾ ಆ ಬೀದಿಯಲ್ಲಿ ನಾಲ್ಕು ಮನೆಯ ಬಾಗಿಲು ತಟ್ಟಿದಳು. ಎಲ್ಲ ಕಡೆಯೂ ಅದೇ ಕಥೆ. ಮುಚ್ಚಿದ ಗುಂಪು, ತಗ್ಗಿಸಿದ ಮುಖ. ಇಂಥವರು ಇಷ್ಟೊಂದು ಜನ ಇದ್ದಾರೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಸೋತವನು ತಾನೊಬ್ಬನೇ ಎಂದು ಪ್ರತಿಯೊಬ್ಬನೂ ತಿಳಿದಿದ್ದ.

*

ಕೆ.ಆರ್.ಪೇಟೆಯಲ್ಲಿ ಮೇಷ್ಟ್ರ ಹೆಂಡತಿ ಸಹನ ಬಾಗಿಲು ತೆರೆದು ಒಳಗೆ ಕರೆದಳು. ನಡುಮನೆಯ ಮೇಜಿನ ಮೇಲೆ ಕಂಪನಿಗಳ ವಾರ್ಷಿಕ ವರದಿಗಳು ಪೇರಿಸಿದ್ದವು. ಎಲ್ಲದರ ಮೇಲಿದ್ದುದು ಪಂಪುಸೆಟ್ಟು ತಯಾರಿಸುವ ಕಂಪನಿಯೊಂದರದು. ಪುಟಗಳ ನಡುವೆ ಪೆನ್ಸಿಲು, ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿ, ಪಕ್ಕದಲ್ಲಿ ಕನ್ನಡಕ. ತಿಂಗಳಾದರೂ ಗಂಡನ ಮೇಜನ್ನು ಮುಟ್ಟಲು ಮನಸ್ಸು ಬಂದಿಲ್ಲ ಎಂದುಕೊಂಡಳು ಪ್ರಮೀಳಾ.

ಮೇಷ್ಟ್ರಿಗೂ ಶಿವಶಂಕರನಿಗೂ ಏನು ಸಂಬಂಧ ಎಂದು ಕೇಳಿದಾಗ ಸಹನ ಬೇರೆಯೇ ಒಂದು ವಿಷಯ ಹೇಳಿದಳು.

ಹೋದ ವರ್ಷ ಮೇಷ್ಟ್ರು ಕಾಲೇಜಿನ ಮೈದಾನದಲ್ಲಿ ನೂರಾರು ಮಕ್ಕಳನ್ನು ನಿಲ್ಲಿಸಿ ಒಂದು ಆಟ ಆಡಿಸಿದ್ದರು. ತಾವು ನಾಣ್ಯ ಚಿಮ್ಮುವುದು, ಹೆಡ್ಡೋ ಟೇಲೋ ಎಂದು ಮಕ್ಕಳು ಮೊದಲೇ ಊಹಿಸುವುದು. ತಪ್ಪಿದವರು ಕುಳಿತುಕೊಳ್ಳಬೇಕು. ಪ್ರತಿ ಸಲವೂ ಅರ್ಧದಷ್ಟು ಮಕ್ಕಳು ಕುಳಿತರು. ಕೊನೆಗೆ ಒಬ್ಬಳೇ ಹುಡುಗಿ ನಿಂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರತಿ ಸಲವೂ ಹೇಗೆ ಸರಿಯಾಗಿ ಹೇಳಿದೆಯಮ್ಮ ಎಂದು ಮೇಷ್ಟ್ರು ಕೇಳಿದರು.

“ಅವಳು ಕಾರಣ ಹೇಳಿದಳು ಮೇಡಂ,” ಎಂದಳು ಸಹನ. “ನಿಮ್ಮ ಹೆಬ್ಬೆರಳು ನೋಡ್ತಿದ್ದೆ ಸಾರ್, ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ನೋಡ್ತಿದ್ದೆ ಅಂತ. ಸುಳ್ಳು ಹೇಳ್ಲಿಲ್ಲ ಆ ಮಗು, ನಂಬಿಬಿಟ್ಟಿತ್ತು. ಅವತ್ತು ಮನೆಗೆ ಬಂದು ಇವರು ಊಟಾನೇ ಮಾಡ್ಲಿಲ್ಲ. ನೂರಾರು ಜನ ನಿಂತ್ರೆ ಯಾರಾದ್ರೂ ಒಬ್ಬರು ಕೊನೇಲಿ ನಿಂತೇ ನಿಲ್ತಾರೆ. ಆದ್ರೆ ಆ ಒಬ್ಬರಿಗೆ ಅದನ್ನ ಹೇಳೋದು ಹೇಗೆ ಅಂದ್ರು.”

ಅದೇ ಆಟವನ್ನು ಶಿವಶಂಕರನ ಸಭೆಯಲ್ಲಿ, ದುಡ್ಡು ಹಾಕಲು ಬಂದ ಜನರ ಮುಂದೆ ಆಡಿಸಬೇಕೆಂದು ಮೇಷ್ಟ್ರು ಗೊತ್ತುಮಾಡಿಕೊಂಡಿದ್ದರು. ಹುಡುಗನಿಗೆ ಮೊದಲೇ ತಿಳಿಸದೆ ಹಾಗೆ ಮಾಡುವುದು ಸರಿಯಲ್ಲ ಎಂದು, ನಾಗಮಂಗಲದ ಅವನ ಮನೆಗೆ ಹೇಳಿಕಳಿಸಿದ್ದರು. ಅದಾದ ವಾರಕ್ಕೇ ಬೆಟ್ಟಕ್ಕೆ ಹೋದದ್ದು.

ಪ್ರಮೀಳಾ ಬೆಳಿಗ್ಗೆ ಅರ್ಚಕರು ಹೇಳಿದ್ದನ್ನು ಅವಳಿಗೆ ತಿಳಿಸಿದಳು. ಸೆರಗು ಹೊದ್ದ ಹೆಂಗಸು, ಅರ್ಚನೆ, ಶಿವಶಂಕರನ ಹೆಸರು, ವಿಶಾಖ ನಕ್ಷತ್ರ. ಗಂಡನ ಜೊತೆ ಬೇರೊಬ್ಬ ಹೆಂಗಸು ಇದ್ದಳೆಂದರೆ ಸಹನ ನೊಂದುಕೊಂಡಾಳು ಎಂಬ ಅಳುಕಿತ್ತು.

ಸಹನಳ ಮುಖದಲ್ಲಿ ನೋವು ಕಾಣಲಿಲ್ಲ. ಅವಳು ಲೆಕ್ಕ ಬಿಡಿಸುವವಳ ಹಾಗೆ ಕಣ್ಣು ಕಿರಿದು ಮಾಡಿದಳು.

“ನಕ್ಷತ್ರಾನೂ ಹೇಳಿದ್ರಾ?” ಎಂದು ಕೇಳಿದಳು.

ಹೌದೆಂದಳು ಪ್ರಮೀಳಾ. ಮೇಷ್ಟ್ರ ಫೋನು ಸಿಕ್ಕಿತೇ ಎಂದು ಪ್ರಮೀಳಾ ವಿಚಾರಿಸಿದ್ದಕ್ಕೆ, ಹೊಳೆಗೆ ಬಿದ್ದಿರಬೇಕು ಎಂದು ಪೊಲೀಸರು ಹೇಳಿದ್ದಾರೆ ಎಂದಷ್ಟೇ ಉತ್ತರ ಬಂತು. ಪ್ರಮೀಳಾ ತಾನೂ ಆ ನಂಬರಿಗೆ ಹಲವು ಸಲ ಕರೆ ಮಾಡಿ ನೋಡಿದ್ದಳು. ಯಾವಾಗಲೂ ಸ್ವಿಚ್ಡ್ ಆಫ್.

*

ನಾಗಮಂಗಲ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಶಿವಶಂಕರನ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಹಾಕಿದ್ದ ತೆಂಗಿನಕಾಯಿಗಳ ವಾಸನೆ ಬೀದಿಯವರೆಗೂ ಬರುತ್ತಿತ್ತು. ಮುಂದಿನ ಕೋಣೆಯ ಗೋಡೆ ತುಂಬ ಸನ್ಮಾನದ ಫೋಟೊಗಳು, ಕುರ್ಚಿಯ ಬೆನ್ನಿಗೆ ಮಡಿಸಿ ಹಾಕಿದ ಶಾಲುಗಳು.

ಶಿವಶಂಕರ ಮೂವತ್ತರ ಆಸುಪಾಸಿನವನು. ಇಷ್ಟು ಹೆಸರು ಮಾಡಿದವನಲ್ಲಿ ಪ್ರಮೀಳಾ ನಿರೀಕ್ಷಿಸಿದ್ದ ಗತ್ತು ಇರಲಿಲ್ಲ. ಕಣ್ಣ ಸುತ್ತ ಕಪ್ಪು, ಉಗುರು ಕಚ್ಚಿ ಕಚ್ಚಿ ಸವೆದ ಬೆರಳು. ಅವನ ತಾಯಿಯ ಹೆಸರೇ ಚಿಕ್ಕಮ್ಮ; ಆಕೆ ಕಾಫಿ ತಂದಿಟ್ಟು, ಬಿಸ್ಕತ್ತಿನ ತಟ್ಟೆಯನ್ನು ಪ್ರಮೀಳಾಳ ಕಡೆ ಸರಿಸಿ, ಬಾಗಿಲ ಪಕ್ಕ ಹೋಗಿ ನಿಂತರು. ಗಂಡ ಸತ್ತಮೇಲೆ ಕೊಬ್ಬರಿ ಅಂಗಡಿ ನಡೆಸಿ ಮಗನನ್ನು ಸಾಕಿದ ಹೆಂಗಸು. ಡಿಗ್ರಿ ಮುಗಿಸದೆ, ಕೊಬ್ಬರಿ ವ್ಯಾಪಾರವೂ ಹತ್ತದೆ, ಮೂರು ಕಡೆ ಹೆಣ್ಣು ನೋಡಿ ಮೂರು ಕಡೆಯೂ ಬೇಡವೆನಿಸಿಕೊಂಡ ಮಗ ಅವನು ಎಂದು ಊರಿನವರು ಹೇಳುತ್ತಿದ್ದರು. ಈಗ ಅದೇ ಊರು ಅವನು ಬಂದರೆ ಎದ್ದು ನಿಲ್ಲುತ್ತಿತ್ತು.

ಪ್ರಮೀಳಾ ಸುತ್ತುಬಳಸಲಿಲ್ಲ. ಪಾಂಡವಪುರದ ಬೀದಿಯಲ್ಲಿ ತಾನು ಕಂಡವರ ವಿಷಯ ಹೇಳಿದಳು. ಮೊದಲ ತಿಂಗಳು ಸೋತವನು, ನಾಲ್ಕನೆಯ ತಿಂಗಳು ಸೋತವಳು. ಕಾಲೇಜಿನ ಮೈದಾನದ ಆಟವನ್ನೂ ಹೇಳಿದಳು. ಶಿವಶಂಕರ ಕಾಫಿಯ ಲೋಟ ಹಿಡಿದು ಕೇಳುತ್ತ ಕುಳಿತಿದ್ದ.

ಎಲ್ಲ ಕೇಳಿಯಾದಮೇಲೆ, ತಾನು ಅದೃಷ್ಟದಿಂದ ಬಂದವನಲ್ಲ, ಓದಿ ಆರಿಸುತ್ತೇನೆ ಎಂದ. ಮೊದಲ ಶೇರನ್ನು ಯಾಕೆ ಆರಿಸಿದೆ ಎಂದು ವಿವರಿಸಿದ. ಅದು ಔಷಧಿಯ ಕಂಪನಿ. ಬೆಲೆ ಮೂರು ವಾರದಿಂದ ಒಂದೇ ಕಡೆ ನಿಂತಿತ್ತು, ಹಾಗೆ ನಿಂತದ್ದು ಏರುತ್ತದೆ. ಎರಡನೆಯದು ಸತತವಾಗಿ ಏರುತ್ತಿತ್ತು, ಏರುವುದು ಇನ್ನೂ ಏರುತ್ತದೆ. ಮೂರನೆಯದು ಬಿದ್ದಿತ್ತು, ಬಿದ್ದದ್ದು ಏಳಲೇಬೇಕು.

ಹೇಳುತ್ತ ಹೇಳುತ್ತ ಅವನ ಮಾತೇ ನಿಧಾನವಾಯಿತು. ತನ್ನ ಮಾತು ತನಗೇ ಕೇಳಿಸಿದಂತಿತ್ತು.

“ಗಿರಣಿಯೋರ ಮಗಳೂ ನಂಗೆ ಇವೇ ಕಾರಣ ಹೇಳಿದ್ಲು, ಶಿವಶಂಕರ್,” ಎಂದಳು ಪ್ರಮೀಳಾ. “ಅವಳದ್ದು ಬಿತ್ತು, ನಿಮ್ದು ಎದ್ದಿತು. ಮುನ್ನೂರು ಜನದಲ್ಲಿ ಕೊನೆಗೆ ಒಬ್ಬರು ನಿಲ್ಬೇಕಿತ್ತು, ನೀವು ನಿಂತಿರಿ. ಚಲುವರಾಜುಗೆ ಬೇಕಾಗಿದ್ದೂ ಅದೇ. ಯಾರು ನಿಲ್ತಾರೆ ಅನ್ನೋದು ಅವನಿಗೆ ಮುಖ್ಯವಾಗಿರ್ಲಿಲ್ಲ. ನಿಂತೋರ ಹೆಸರಲ್ಲಿ ದುಡ್ಡು ಎತ್ತಬೇಕಿತ್ತು, ಅಷ್ಟೆ.”

ಅವನು ಸಿಟ್ಟಾಗುತ್ತಾನೆ, ಎದ್ದು ಹೋಗಿ ಎನ್ನುತ್ತಾನೆ ಎಂದು ಅವಳು ಸಿದ್ಧಳಾಗಿದ್ದಳು. ಅವನು ಲೋಟವನ್ನು ನೆಲಕ್ಕಿಟ್ಟು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ.

“ಮೇಷ್ಟ್ರು ಯೋಳ್ಕಳ್ಸಿದ್ದೂ ಇದ್ನೇಯ,” ಎಂದ. “ನಾನು ನಂಬ್ನಿಲ್ಲ ಮೇಡಂ. ಎಂಟು ತಿಂಗ್ಳು ನಾನೇ ಆರ್ಸಿದ್ದೆ, ಎಂಟೂ ಸರಿಯಾಗಿದ್ವು. ಯಂಗ್ ನಂಬ್ಲಿ?”

“ಎಂಟಲ್ಲ, ಒಂಬತ್ತು.”

ಅವನು ತಲೆ ಅಲ್ಲಾಡಿಸಿದ. “ಒಂಬತ್ತ್ನೇದು ನಂದಲ್ಲ.”

ಬಾಗಿಲ ಬಳಿ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು.

ಹೋದ ತಿಂಗಳ ಮೊದಲ ಸೋಮವಾರ, ಅಂದರೆ ಮೇಷ್ಟ್ರು ಸತ್ತು ಎರಡು ದಿನಕ್ಕೆ, ನಡೆದದ್ದನ್ನು ಅವನು ತಗ್ಗಿದ ದನಿಯಲ್ಲಿ ಹೇಳಿದ. ಆ ಸಲ ಅವನು ಒಂದು ಸಕ್ಕರೆ ಕಂಪನಿಯನ್ನು ಆರಿಸಿಟ್ಟುಕೊಂಡಿದ್ದ. ಫೋನನ್ನು ಇದೇ ಕುರ್ಚಿಯ ಮೇಲಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ಗುಂಪಿಗೆ ಹೆಸರು ಹೋಗಿಯೇ ಬಿಟ್ಟಿತ್ತು, ಅವನದೇ ಫೋನಿನಿಂದ. ಸಕ್ಕರೆಯದಲ್ಲ. ಅವನು ಹೆಸರನ್ನೂ ಕೇಳಿರದ ಒಂದು ಪಂಪುಸೆಟ್ಟಿನ ಕಂಪನಿ. ಅಳಿಸೋಣ ಎನ್ನುವಷ್ಟರಲ್ಲಿ ಸಾವಿರಾರು ಜನ ನೋಡಿಯಾಗಿತ್ತು, ಕೊಳ್ಳಲು ಶುರು ಮಾಡಿಯಾಗಿತ್ತು.

ತಿಂಗಳ ಕೊನೆಗೆ ಸಕ್ಕರೆ ಕಂಪನಿಯದು ಬಿತ್ತು. ಪಂಪುಸೆಟ್ಟಿನದು ಏರಿತು. ಜನ ಬಂದು ಇನ್ನೊಂದು ಶಾಲು ಹೊದಿಸಿದರು.

“ಅವತ್ತಿಂದ ನಿದ್ದೆ ಇಲ್ಲ,” ಎಂದ ಶಿವಶಂಕರ. “ದೇವ್ರೇ ಬರ್ಸುದ್ನೇನೋ ಅನ್ಕಂಡೆ. ಕೇಳಕ್ಕೂ ಭಯ. ಕೇಳಿದ್ರೆ ನಂದಲ್ಲ ಅಂತ ಗೊತ್ತಾಗ್ಬುಡ್ತದಲ್ಲ.”

ಪ್ರಮೀಳಾಳ ಕಣ್ಣಿಗೆ ಮಧ್ಯಾಹ್ನ ಕಂಡ ಮೇಜು ಕಟ್ಟಿತು. ಪೇರಿಸಿದ ವರದಿಗಳಲ್ಲಿ ಎಲ್ಲಕ್ಕಿಂತ ಮೇಲೆ ಆ ಪಂಪುಸೆಟ್ಟಿನ ಕಂಪನಿಯದೇ ಇತ್ತು. ಆ ಹೆಸರು ಈ ಮನೆಯೊಳಗೆ ಹುಟ್ಟಿದ್ದಲ್ಲ. ಕೆ.ಆರ್.ಪೇಟೆಯ ಆ ಮನೆಯಿಂದ ಬಂದದ್ದು. ಮೇಷ್ಟ್ರು ಬದುಕಿದ್ದರೆ ತಮ್ಮ ಗುಂಪಿಗೆ ಹೇಳುತ್ತಿದ್ದ ಹೆಸರು, ಅವರು ಸತ್ತ ಎರಡು ದಿನಕ್ಕೆ ಇಲ್ಲಿ ಹೊರಬಿದ್ದಿತ್ತು.

ಅವನು ಸ್ನಾನಕ್ಕೆ ಹೋದಾಗ ಮನೆಯಲ್ಲಿ ಮತ್ಯಾರಿದ್ದರು ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

“ನಿಮ್ಮ ನಕ್ಷತ್ರ ಯಾವುದು, ಶಿವಶಂಕರ್?”

ಅವನು ಅರ್ಥವಾಗದೆ ಅವಳ ಮುಖ ನೋಡಿದ. ಗೊತ್ತಿಲ್ಲ, ಜಾತಕವೆಲ್ಲ ಅವ್ವನ ಹತ್ತಿರ ಇದೆ ಎಂದ.

“ವಿಶಾಖ,” ಎಂದರು ಚಿಕ್ಕಮ್ಮ ಬಾಗಿಲ ಬಳಿಯಿಂದ. ಮಗನ ವಿಷಯ ಯಾರೇ ಕೇಳಲಿ, ಉತ್ತರ ಕೊಟ್ಟು ಅಭ್ಯಾಸವಾದ ದನಿ. ಆಮೇಲೆ ಪ್ರಮೀಳಾ ತಮ್ಮನ್ನೇ ನೋಡುತ್ತಿರುವುದು ಕಂಡು, ನಿಧಾನವಾಗಿ ಹೊಸ್ತಿಲ ಮೇಲೆ ಕುಳಿತುಕೊಂಡರು.

ಆ ಶನಿವಾರ ಬೆಟ್ಟದ ಮೇಲೆ ಮೇಷ್ಟ್ರ ಪಕ್ಕ ನಿಂತು ಅರ್ಚನೆ ಮಾಡಿಸಿದವರು ನೀವೇ ಅಲ್ಲವೇ ಎಂದು ಪ್ರಮೀಳಾ ಕೇಳಿದಳು. ಕೇಳುವಾಗ ದನಿ ಏರಿಸಲಿಲ್ಲ.

ಶಿವಶಂಕರ ಅರ್ಧ ಎದ್ದ. ಚಿಕ್ಕಮ್ಮ ಕೈಸನ್ನೆಯಲ್ಲೇ ಅವನನ್ನು ಕೂರಿಸಿದರು.

“ಓಗಿದ್ದೆ ಕಣವ್ವ. ನಾನ್ಯಾಕ್ ಸುಳ್ಳು ಯೋಳ್ಲಿ, ಸ್ವಾಮಿ ಮುಂದೆ ನಿಂತಿದ್ದೋಳು,” ಎಂದರು. “ಸಭೇಲಿ ನನ್ ಮಗನ ಮಾನ ತಗೀಬ್ಯಾಡಿ, ನಿಮ್ ವಿದ್ಯೆ ವಸಿ ಅವನ್ಗೂ ಯೋಳ್ಕೊಡಿ ಅಂತ ಬೇಡ್ಕಂಡೆ. ಸೆರಗೊಡ್ಡಿ ಬೇಡ್ಕಂಡೆ.”

“ಅವರು ಏನಂದ್ರು?”

“ವಿದ್ಯೆ ನಂದಲ್ಲ ಕಣವ್ವ ಅಂದ್ರು. ನಗ್ತಾನೇ ಅಂದ್ರು. ಫೋನ್ ತಗ್ದು ತೋರ್ಸುದ್ರು. ತಿಂಗ್ಳಿಗೊಂದ್ ಕಿತ ಭಾನ್ವಾರ ಸಾಯಂಕಾಲ ಇದ್ರಾಗೆ ಒಂದ್ ಎಸ್ರು ಬತ್ತದೆ, ನಾನು ಅದ್ನ ನಾಕ್ ಜನಕ್ಕೆ ಯೋಳ್ತೀನಿ ಅಷ್ಟೇಯ ಅಂದ್ರು. ಯಾರು ಕಳಸ್ತಾರೆ ಅಂತ ಕೇಳುದ್ರೆ, ಗುರುಗಳು ಅಂದ್ರು.”

ಪ್ರಮೀಳಾ ಮುಂದಕ್ಕೆ ಬಾಗಿದಳು. ಆ ಫೋನು ನಿಮ್ಮ ಕೈಗೆ ಬಂದದ್ದು ಹೇಗೆ ಎಂದು ಕೇಳಿದಳು.

ಚಿಕ್ಕಮ್ಮ ಬಾಯಿ ತೆರೆದರು. ಮಗನ ಕಡೆ ಒಮ್ಮೆ ನೋಡಿ, ಮುಚ್ಚಿಕೊಂಡರು.

ಅಷ್ಟರಲ್ಲಿ ಮನೆಯ ಒಳಗಿನಿಂದ, ದೇವರ ಕೋಣೆಯ ಕಡೆಯಿಂದ, ಸಣ್ಣಗೆ ಒಂದು ಸದ್ದು ಬಂತು. ಫೋನಿಗೆ ಸಂದೇಶ ಬಂದಾಗ ಆಗುವ ಸದ್ದು. ಶಿವಶಂಕರನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು. ಪ್ರಮೀಳಾಳದು ಕೈಯಲ್ಲಿತ್ತು.

ಅಂದು ತಿಂಗಳ ಮೊದಲ ಭಾನುವಾರ.

ಚಿಕ್ಕಮ್ಮನೇ ಗೋಡೆ ಹಿಡಿದು ಎದ್ದು ಒಳಗೆ ಹೋದರು, ಪ್ರಮೀಳಾ ಹಿಂದೆಯೇ ಹೋದಳು. ದೇವರ ಗೂಡಿನಲ್ಲಿ ಸಂಜೆಯ ದೀಪ ಹಚ್ಚಿತ್ತು. ಲಕ್ಷ್ಮಿಯ ಪಟದ ಮುಂದೆ, ದಾಸವಾಳದ ಹೂವಿನ ಪಕ್ಕ, ಮೇಷ್ಟ್ರ ಫೋನು ಇತ್ತು. ಅದರ ಒಂದು ಮೂಲೆಗೆ ಕುಂಕುಮ ಹಚ್ಚಿತ್ತು.

ಬೇರೆ ದಿನ ಆಫ್ ಮಾಡಿ ಮುಚ್ಚಿಟ್ಟಿರುತ್ತೇನೆ, ಬೀಗ ತೆಗೆಯಲು ಬರುವುದಿಲ್ಲ, ಬಂದ ಹೆಸರು ಪರದೆಯ ಮೇಲೆಯೇ ಕಾಣುತ್ತದೆ, ಅದನ್ನು ನೋಡಿ ಬರೆದುಕೊಳ್ಳುವುದಕ್ಕಷ್ಟೆ ಭಾನುವಾರ ಆನ್ ಮಾಡುತ್ತೇನೆ ಎಂದು ಚಿಕ್ಕಮ್ಮ ಪಿಸುಗುಟ್ಟಿದರು. ಮಗನಿಗಾಗಿ ಎಂದರು. ಮೇಷ್ಟ್ರು ಹೋದಮೇಲೂ ಗುರುಗಳು ಹೆಸರು ಕಳಿಸಿದ್ದು ದೇವರ ಕೃಪೆ ಎಂದುಕೊಂಡೆ ಎಂದರು. ಸತ್ತವರ ಫೋನಿಗೆ ಯಾರಾದರೂ ಯಾಕೆ ಕಳಿಸುತ್ತಾರೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಪ್ರಮೀಳಾಳಿಗೆ ಈಗ ಹೊಳೆಯಿತು. ಕಳೆದುಹೋದ ಫೋನು ಯಾರ ಬಳಿ ಇದೆ ಎಂದು ತಿಳಿಯಬೇಕಾದರೆ, ಅದಕ್ಕೊಂದು ಹೆಸರು ಕಳಿಸಿ, ಆ ಹೆಸರು ಯಾರ ಬಾಯಿಂದ ಹೊರಬರುತ್ತದೆ ಎಂದು ಕಾಯಬೇಕು. ಯಾರೋ ತಿಂಗಳ ಹಿಂದೆ ಹಾಗೆ ಮಾಡಿದ್ದರು. ಪಂಪುಸೆಟ್ಟಿನ ಹೆಸರು ಈ ಮನೆಯಿಂದ ಹೊರಬಂದಿತ್ತು.

ಫೋನಿನ ಪರದೆ ಇನ್ನೂ ಬೆಳಗುತ್ತಿತ್ತು. ಕಳಿಸಿದವರ ಹೆಸರಿದ್ದ ಕಡೆ ‘ಗುರುಗಳು’ ಎಂದಿತ್ತು. ಕೆಳಗೆ ಈ ಸಲ ಶೇರಿನ ಹೆಸರಿರಲಿಲ್ಲ. ಎರಡು ಸಾಲಿತ್ತು. ಮೊದಲ ಸಾಲು: “ವಿಶಾಖ ನಕ್ಷತ್ರದ ಶಿವಶಂಕರನ ತಾಯಿಗೆ.”

ಆ ನಕ್ಷತ್ರದ ಮಾತನ್ನು ಪ್ರಮೀಳಾ ಇವತ್ತು ಇಡೀ ದಿನದಲ್ಲಿ, ಈ ಮನೆಗೆ ಬರುವ ಮೊದಲು, ಒಬ್ಬರಿಗೆ ಮಾತ್ರ ಹೇಳಿದ್ದಳು.

ಅವಳು ಎರಡನೆಯ ಸಾಲನ್ನು ಓದಿದಳು. ಪಕ್ಕದಲ್ಲಿ ಚಿಕ್ಕಮ್ಮನೂ ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು.

“ನನ್ನ ಗಂಡ ಬೀಳುವಾಗ ನೀವು ಎಲ್ಲಿ ನಿಂತಿದ್ದಿರಿ?”